ಎಬ್ಬಿಸುವ ನಾಯಿ, ಕಾವಲು ನಿಂತ ನಾಯಿ: ಅಮೆರಿಕದ ಒಬ್ಬ ಮಾಜಿ ಸೈನಿಕರ ಪ್ರಕರಣ

ಯುದ್ಧದಂಥ ಆಘಾತದ ಬಳಿಕ ಉಳಿಯುವ ಮಾನಸಿಕ ಕಾಯಿಲೆ (ಪಿಟಿಎಸ್‌ಡಿ) ಇರುವವರಿಗೆ ಸೇವಾ ನಾಯಿಯನ್ನು, ಅಂದರೆ ಅವರ ತೊಂದರೆಗೆ ತಕ್ಕ ಕೆಲಸ ಕಲಿತ ನಾಯಿಯನ್ನು, ಕೊಡುವುದು ನಮ್ಮ ಕೆಲಸ. ಯಾರ ಗುರುತೂ ಹೊರಬೀಳಬಾರದೆಂದು, ಈ ಕೆಲಸದಲ್ಲಿ ಮತ್ತೆ ಮತ್ತೆ ಎದುರಾಗುವ ತೊಂದರೆಗಳನ್ನು ಒಂದೇ ಮನೆಯ ಕಥೆಯಾಗಿ ಕೂಡಿಸಿ ಬರೆದ ಪ್ರಕರಣ ಇದು. ಅಂಕಗಳು, ರಾತ್ರಿಗಳ ಲೆಕ್ಕ ಎಲ್ಲವೂ ಈ ಕೂಡಿಸಿದ ಪ್ರಕರಣಕ್ಕೆ ಸೇರಿದವು. ಕಾನೂನು, ಅಧ್ಯಯನ, ಅಳತೆಪಟ್ಟಿಗಳ ವಿವರ ಮಾತ್ರ ಇದ್ದದ್ದು ಇದ್ದಂತೆ.

ಅವರಿಗೆ ನಲವತ್ತೊಂದು ವರ್ಷ. ಅಮೆರಿಕದ ಸೇನೆಯಲ್ಲಿ ಸರಕು ಲಾರಿಗಳ ಸಾಲಿನಲ್ಲಿ ಚಾಲಕರಾಗಿದ್ದವರು, ಅಫ್ಘಾನಿಸ್ತಾನಕ್ಕೆ ಎರಡು ಸಲ ಹೋಗಿ ಬಂದವರು. ರಸ್ತೆಬದಿಯ ಬಾಂಬಿಗೆ ಮುಂದಿನ ಲಾರಿ ಸಿಕ್ಕಿದ್ದನ್ನು ಕಣ್ಣಾರೆ ಕಂಡಿದ್ದರು. ಮನೆಗೆ ಬಂದು ಹತ್ತು ವರ್ಷ ಕಳೆದರೂ ವಾರದಲ್ಲಿ ನಾಲ್ಕೈದು ರಾತ್ರಿ ಕೆಟ್ಟ ಕನಸು ತಪ್ಪುತ್ತಿರಲಿಲ್ಲ. ಅಂಗಡಿಯ ಸಾಲಿನಲ್ಲಿ ಬೆನ್ನ ಹಿಂದೆ ಯಾರಾದರೂ ನಿಂತರೆ ಸಾಮಾನು ಅಲ್ಲೇ ಬಿಟ್ಟು ಹೊರಗೆ ಬರುತ್ತಿದ್ದರು. ಪಿಸಿಎಲ್-5 ಎಂಬ ಪ್ರಶ್ನಾವಳಿಯಲ್ಲಿ ಅವರ ಅಂಕ 58. ಅದರಲ್ಲಿ 20 ಪ್ರಶ್ನೆಗಳಿರುತ್ತವೆ, ಒಂದೊಂದಕ್ಕೆ 0ರಿಂದ 4, ಒಟ್ಟು 80. 31ರಿಂದ 33ರ ಆಸುಪಾಸು ದಾಟಿದರೆ ಪಿಟಿಎಸ್‌ಡಿ ಇರಬಹುದೆಂದು ಮುಂದಿನ ಪರೀಕ್ಷೆ ಮಾಡುತ್ತಾರೆ.

ಅವರಿಗೆ ಕೊಟ್ಟದ್ದು 26 ತಿಂಗಳ, 27 ಕಿಲೋ ತೂಕದ ಹೆಣ್ಣು ಲ್ಯಾಬ್ರಡಾರ್. ಮೂಲ ಶಿಸ್ತು, ಜನಜಂಗುಳಿಯಲ್ಲಿ ನಡೆಯುವುದು, ಮೇಜಿನ ಕೆಳಗೆ ಒಂದು ಗಂಟೆ ಅಲುಗದೆ ಮಲಗುವುದು, ಇವೆಲ್ಲ ಮೊದಲೇ ಕಲಿತಿತ್ತು. ಇವರಿಗೆಂದೇ ಸೇರಿಸಿದ ಕೆಲಸ ಮೂರು: ಕೆಟ್ಟ ಕನಸಿನಿಂದ ಎಬ್ಬಿಸುವುದು, ಆತಂಕ ಏರುವಾಗ ಅವರ ತೊಡೆಗೆ ಅಡ್ಡಲಾಗಿ ಮುಂಗಾಲು ಮತ್ತು ಎದೆಯ ಭಾರ ಹಾಕಿ ಮೂರರಿಂದ ಐದು ನಿಮಿಷ ಒರಗುವುದು, ಸಾಲಿನಲ್ಲಿ ಬೆನ್ನ ಹಿಂದೆ ಹೊರಮುಖವಾಗಿ ನಿಲ್ಲುವುದು. ತೊಡೆಯ ಮೇಲಿನ ಭಾರದ ಕೆಲಸ ಮೊದಲ ದಿನದಿಂದಲೇ ಕೈಹಿಡಿಯಿತು, ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಉಳಿದೆರಡು ದಾರಿ ತಪ್ಪಿದವು, ಅದೂ ಬೇರೆ ಬೇರೆ ಕಾರಣಕ್ಕೆ.

ರಾತ್ರಿಯ ಕೆಲಸವನ್ನು ಕಲಿಸಿದ್ದು ಹೀಗೆ

ನಾಯಿಗೆ ಕನಸು ಏನೆಂದು ಗೊತ್ತಿಲ್ಲ. ಅದಕ್ಕೆ ಗೊತ್ತಾಗುವುದು ಕಾಲು ಒದರುವುದು, ಉಸಿರು ಬಿರುಸಾಗುವುದು, ಗಂಟಲಿನಿಂದ ಹೊರಡುವ ಶಬ್ದ. ಹಾಗಾಗಿ ಪಾಠ ಶುರುವಾಗುವುದು ಹಗಲಿನಲ್ಲಿ, ಎಚ್ಚರವಿರುವ ಮನುಷ್ಯನ ಜತೆ. ಮೊದಲು, ಒಂದು ಮಾತಿನ ಆಜ್ಞೆ ಕೊಟ್ಟಾಗ, ಮಂಚದ ಅಂಚಿನಿಂದ ಇಳಿಬಿಟ್ಟ ಅಂಗೈಗೆ ಮೂತಿ ತಾಗಿಸುವುದನ್ನು ಕಲಿಸುತ್ತಾರೆ. ಒಂದು ಸುತ್ತಿಗೆ ಹತ್ತು ಸಲ, ದಿನಕ್ಕೆ ಮೂರು ಸುತ್ತು. ತಿನಿಸು ಬಟಾಣಿ ಕಾಳಿನಷ್ಟೇ, ಅದನ್ನೂ ದಿನದ ಊಟದ ಅಳತೆಯಿಂದಲೇ ಕಳೆಯಬೇಕು, ಇಲ್ಲದಿದ್ದರೆ ಎರಡು ತಿಂಗಳಲ್ಲಿ ನಾಯಿಗೆ ಬೊಜ್ಜು ಬರುತ್ತದೆ. ಹತ್ತರಲ್ಲಿ ಎಂಟು ಸಲ ಸರಿಯಾಗಿ ಮಾಡಿದ ಮೇಲೆಯೇ ಮುಂದಿನ ಮೆಟ್ಟಿಲು.

ಎರಡನೆಯದು ಸಂಜ್ಞೆ ಬದಲಿಸುವುದು. ಅವರು ಮಲಗಿಕೊಂಡೇ ಕಾಲು ಒದರುತ್ತಾರೆ, ಉಸಿರನ್ನು ಬೇಕೆಂದೇ ಬಿರುಸು ಮಾಡುತ್ತಾರೆ, ಎರಡು ಸೆಕೆಂಡು ಬಿಟ್ಟು ಹಳೆಯ ಮಾತಿನ ಆಜ್ಞೆ ಕೊಡುತ್ತಾರೆ. ಹೊಸ ಸಂಜ್ಞೆ ಮೊದಲು, ಹಳೆಯದು ಆಮೇಲೆ. ಈ ಕ್ರಮ ತಿರುಗುಮುರುಗಾದರೆ ನಾಯಿ ಮಾತನ್ನೇ ಕಾಯುತ್ತದೆ, ಕಾಲಿನತ್ತ ನೋಡುವುದೇ ಇಲ್ಲ. ಕೆಲವು ದಿನಗಳಲ್ಲಿ ಮಾತು ಬರುವ ಮೊದಲೇ ಮೂತಿ ಅಂಗೈಗೆ ಬರುತ್ತದೆ. ಆಗ ಮಾತನ್ನು ಬಿಡಬಹುದು.

ಮೂರನೆಯದು ಕತ್ತಲೆ, ಹೊದಿಕೆ, ಮಲಗಿದ ನಾಯಿ. ಎಲ್ಲಕ್ಕಿಂತ ಕಷ್ಟದ್ದು ಇದೇ. ಎಚ್ಚರವಿರುವ ನಾಯಿ ಕೆಲಸ ಮಾಡುವುದು ಬೇರೆ, ನಿದ್ದೆಯಲ್ಲಿರುವ ನಾಯಿ ತಾನಾಗಿ ಎದ್ದು ಬರುವುದು ಬೇರೆ. ಫೋನಿನಲ್ಲಿ ರೆಕಾರ್ಡು ಮಾಡಿದ ಅವರದೇ ರಾತ್ರಿಯ ಸದ್ದನ್ನು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಕೇಳಿಸುತ್ತಾ ಈ ಹಂತ ದಾಟಿಸಿದರು. ರೆಕಾರ್ಡು ಹಾಕುವಾಗ ಅವರು ಕೋಣೆಯಲ್ಲಿರಲಿಲ್ಲ, ಹಾಸಿಗೆಯಲ್ಲಿ ಮಲಗಿ ಕಾಲು ಒದರಿದ್ದು ತರಬೇತುದಾರರು. ತನ್ನದೇ ನರಳಾಟ ಕೇಳುವುದು ಆ ಮನುಷ್ಯನಿಗೆ ಸಣ್ಣ ಮಾತಲ್ಲ. ಈ ಎಚ್ಚರಿಕೆಯನ್ನು ತರಬೇತಿಯ ಅವಸರದಲ್ಲಿ ಮರೆಯುವವರಿದ್ದಾರೆ.

ನಾಲ್ಕನೆಯದು ಪಟ್ಟು. ಒಂದು ಸಲ ತಾಗಿಸಿದರೆ ಎಲ್ಲರೂ ಏಳುವುದಿಲ್ಲ. ಮೊದಲ ಸಲ ಸುಮ್ಮನಿದ್ದು, ಎರಡನೆಯ ಸಲಕ್ಕೋ ಮೂರನೆಯ ಸಲಕ್ಕೋ ಎದ್ದು, ನಾಯಿ ಬಿಡದೆ ಮಾಡಬೇಕೆಂದು ಕಲಿಸುತ್ತಾರೆ. ತಪ್ಪು ನುಸುಳಿದ್ದು ಇಲ್ಲಿ.

ಇಪ್ಪತ್ತನಾಲ್ಕನೆಯ ರಾತ್ರಿ

ಮೂರು ವಾರ ಎಲ್ಲ ಚೆನ್ನಾಗಿತ್ತು. ಇಪ್ಪತ್ತನಾಲ್ಕನೆಯ ರಾತ್ರಿ ಅಂಗೈ ಹೊದಿಕೆಯೊಳಗೆ ಸಿಕ್ಕಿಕೊಂಡಿತ್ತು, ನಾಯಿಗೆ ತಾಗಿಸಲು ಏನೂ ಸಿಗಲಿಲ್ಲ. ಬಿಡಬಾರದೆಂದು ಕಲಿತಿದ್ದ ಅದು ಎರಡೂ ಮುಂಗಾಲನ್ನು ಅವರ ಎದೆಯ ಮೇಲಿಟ್ಟಿತು. ಅವರು ಎದ್ದದ್ದು ಕೈಬೀಸಿಕೊಂಡೇ. ಮೊಣಕೈ ನಾಯಿಯ ದವಡೆಗೆ ಬಡಿಯಿತು.

ಗಾಯವಾಗಲಿಲ್ಲ. ಆದರೆ ಮರುದಿನದಿಂದ ಅವರು ಮಲಗಿದ್ದರೆ ನಾಯಿ ಒಂದು ಮೀಟರು ದೂರದಲ್ಲೇ ನಿಲ್ಲತೊಡಗಿತು. ಕರೆದರೆ ಮುಖ ಪಕ್ಕಕ್ಕೆ ತಿರುಗಿಸುವುದು, ತುಟಿ ನೆಕ್ಕುವುದು, ನಿದ್ದೆ ಬಂದಿರದಿದ್ದರೂ ಆಕಳಿಸುವುದು, ತಿನಿಸನ್ನು ಬಾಯಿಗೆ ತೆಗೆದುಕೊಂಡು ಉಗುಳುವುದು ಕಾಣಿಸಿತು. ಇವು ಹಟದ ಲಕ್ಷಣಗಳಲ್ಲ, ಭಯದ ಲಕ್ಷಣಗಳು. ಅವರಂತೂ ತಾನು ನಾಯಿಯನ್ನು ಹೊಡೆದೆ ಎಂಬ ಕೊರಗಿನಲ್ಲಿ ಅದನ್ನು ಹಜಾರದಲ್ಲಿ ಬಿಟ್ಟು ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದರು. ಹೀಗೆ ಹನ್ನೊಂದು ರಾತ್ರಿ ಕಳೆದವು. ತರಬೇತಿಯ ತಂಡಕ್ಕೆ ವಿಷಯ ತಿಳಿದದ್ದು ಪತ್ನಿ ಫೋನು ಮಾಡಿದ ಮೇಲೆ.

ಇಲ್ಲಿ ನಾಯಿಯ ತಪ್ಪೂ ಇಲ್ಲ, ಅವರ ತಪ್ಪೂ ಇಲ್ಲ. ಪಟ್ಟು ಕಲಿಸುವಾಗ ಪ್ರತಿ ಸಲವೂ ಇನ್ನಷ್ಟು ಹತ್ತಿರ ಬರುವಂತೆ, ಇನ್ನಷ್ಟು ಗಟ್ಟಿಯಾಗಿ ಮುಟ್ಟುವಂತೆ ಕಲಿಸಿದ್ದೇ ತಪ್ಪು. ಕನಸಿನಲ್ಲಿ ಹೋರಾಡುತ್ತಿರುವವನ ಎದೆಯ ಮೇಲೆ ಭಾರ ಬಿದ್ದರೆ ಅವನ ಮೈ ಅದನ್ನು ವೈರಿ ಎಂದೇ ತಿಳಿಯುತ್ತದೆ. ಇಂಥವರನ್ನು ಮುಟ್ಟಿ ಎಬ್ಬಿಸಬೇಡಿ, ಮಂಚದ ಕಾಲ್ದೆಸೆಯಲ್ಲಿ ನಿಂತು ದೀಪ ಹಾಕಿ ಹೆಸರು ಹಿಡಿದು ಕರೆಯಿರಿ ಎಂದು ಮನೆಯವರಿಗೆ ಹೇಳುತ್ತೇವೆ. ಅದೇ ಮಾತು ನಾಯಿಗೂ ಅನ್ವಯಿಸಬೇಕಿತ್ತು.

ದುರಸ್ತಿಗೆ ಏಳು ವಾರ ಬೇಕಾಯಿತು. ಮೊದಲ ಎರಡು ವಾರ ನಾಯಿಗೆ ರಾತ್ರಿಯ ಕೆಲಸದಿಂದ ಪೂರ್ತಿ ರಜೆ. ಎಬ್ಬಿಸುವ ಹೊಣೆ ಪತ್ನಿಯದು, ಮೇಲೆ ಹೇಳಿದ ರೀತಿಯಲ್ಲಿ. ಹಗಲಿನಲ್ಲಿ ಅವರು ನೆಲದ ಮೇಲೆ ಕುಳಿತು, ಕೈ ತೊಡೆಯ ಮೇಲಿಟ್ಟುಕೊಂಡು, ನಾಯಿ ತಾನಾಗಿ ಹತ್ತಿರ ಬಂದಾಗಲೆಲ್ಲ ತಿನಿಸು ನೆಲಕ್ಕೆ ಹಾಕಬೇಕು. ಕರೆಯುವಂತಿಲ್ಲ, ಕೈ ಚಾಚುವಂತಿಲ್ಲ. ನಾಯಿ ಕುಳಿತವರ ಬಳಿಗೆ ಬಂದು, ಆಮೇಲೆ ಒರಗಿದವರ ಬಳಿಗೆ ಬಂದು, ಕೊನೆಗೆ ಮಲಗಿದವರ ಬಳಿಗೆ ಬಂತು.

ಬಳಿಕ ಕೆಲಸವನ್ನೇ ಹೊಸದಾಗಿ ಕಟ್ಟಿದರು. ಮಂಚದಿಂದ ಒಂದೂವರೆ ಮೀಟರು ದೂರದಲ್ಲಿ, ನೆಲದ ಮೇಲೆ, ಒತ್ತಿದರೆ ಹತ್ತುವ ಅಗಲವಾದ ಹಳದಿ ದೀಪ. ನಾಯಿಯ ಹಾಸು ಕಾಲ್ದೆಸೆಯಲ್ಲಿ. ಹೊದಿಕೆಯ ಕಾಲ್ದೆಸೆಯ ಮೂಲೆಗೆ 40 ಸೆಂಟಿಮೀಟರು ಉದ್ದದ ಹತ್ತಿಯ ಹಗ್ಗ, ತುದಿಯಲ್ಲಿ ಹಿಡಿಯಲು ಒಂದು ಗಂಟು. ಕಾಲು ಒದರಿದರೆ ನಾಯಿ ಮೊದಲು ದೀಪ ಒತ್ತುತ್ತದೆ. ಐದು ಸೆಕೆಂಡಿನಲ್ಲಿ ಅವರು ಏಳದಿದ್ದರೆ ಹಗ್ಗ ಎಳೆದು ಎರಡು ಹೆಜ್ಜೆ ಹಿಂದೆ ಸರಿಯುತ್ತದೆ. ಬೇಕಾದರೆ ಮತ್ತೆ ಎಳೆಯುತ್ತದೆ. ಮಂಚ ಹತ್ತುವುದಿಲ್ಲ. ಅವರು ಎದ್ದು ಕುಳಿತು, ಪಾದ ನೆಲಕ್ಕೂರಿ, ಗೊತ್ತುಮಾಡಿದ ಒಂದು ಮಾತು ಹೇಳಿದ ಮೇಲೆಯೇ ಹತ್ತಿರ ಬಂದು ಅಂಗೈಗೆ ಮೂತಿ ಕೊಡುತ್ತದೆ. ಎಚ್ಚರವಾಗುವುದು ಮೊದಲು, ಮುಟ್ಟುವುದು ಆಮೇಲೆ. ಹೊದಿಕೆ ತೆಳುವಾಗಿರಬೇಕೆಂಬುದು ಈ ಹೊಸ ಕೆಲಸದ ಎರಡನೆಯ ವಾರದಲ್ಲಿ ಗೊತ್ತಾಯಿತು: ದಪ್ಪ ಕಂಬಳಿ ಕಾಲಿಗೆ ಸುತ್ತಿಕೊಂಡು, ಎಳೆದಾಗ ಕಾಲು ಕಟ್ಟಿದಂತಾಗಿ ಅವರು ಇನ್ನಷ್ಟು ಬೆಚ್ಚಿದ್ದರು.

ಅತಿಯಾಗಿ ಎಬ್ಬಿಸುವ ನಾಯಿ

ಕೆಲಸ ಸರಿಹೋದ ಮೇಲೆ ಹೊಸ ದೂರು ಬಂತು: ನಾಯಿ ಸುಮ್ಮಸುಮ್ಮನೆ ಎಬ್ಬಿಸುತ್ತಿದೆ. ಪತ್ನಿಯ ಕೈಲಿ ರಾತ್ರಿಯ ಪುಸ್ತಕ ಬರೆಸಿದರು. ಹೊತ್ತು, ನಾಯಿ ಏನು ಮಾಡಿತು, ಅವರಿಗೆ ಕನಸು ನೆನಪಿದೆಯೇ, ಅದಕ್ಕೆ ಮೊದಲು ಕೇಳಿಸಿದ ಸದ್ದು ಯಾವುದು, ಇಷ್ಟೇ. 14 ರಾತ್ರಿಗಳಲ್ಲಿ 31 ಸಲ ಎಬ್ಬಿಸಿತ್ತು. ಕನಸು ನೆನಪಿದ್ದದ್ದು 9 ಸಲ.

ಕಾರಣ ಎರಡಿರಬಹುದೆಂದು ತಂಡ ಊಹಿಸಿತು, ಎರಡನ್ನೂ ಒಟ್ಟಿಗೆ ಮುಟ್ಟಲಿಲ್ಲ. ಇದು ಮುಖ್ಯ. ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಎಂದಿಗೂ ತಿಳಿಯದು. ಮೊದಲನೆಯದು ತಿನಿಸಿನ ಡಬ್ಬಿ. ಮಂಚದ ಪಕ್ಕದ ಡಬ್ಬಿಯಿಂದ ಪ್ರತಿ ಸಲ ಎದ್ದಾಗಲೂ ನಾಯಿಗೆ ತಿನಿಸು ಸಿಗುತ್ತಿತ್ತು. ದೀಪ ಒತ್ತಿದರೆ ತಿನ್ನಲು ಸಿಗುತ್ತದೆ ಎಂದು ಕಲಿಯಲು ಲ್ಯಾಬ್ರಡಾರಿಗೆ ಬಹಳ ಹೊತ್ತು ಬೇಡ. ಡಬ್ಬಿಯನ್ನು ಅಡುಗೆಮನೆಗೆ ಸಾಗಿಸಿದರು. ರಾತ್ರಿ ಬರೀ ಮೆಚ್ಚುಗೆಯ ಮಾತು, ತಿನಿಸು ಹಗಲಿನ ಅಭ್ಯಾಸಕ್ಕೆ ಮಾತ್ರ. ಮುಂದಿನ 14 ರಾತ್ರಿಗಳಲ್ಲಿ 31 ಇಳಿದು 22 ಆಯಿತು.

ಉಳಿದದ್ದಕ್ಕೆ ಉತ್ತರ ಪುಸ್ತಕದಲ್ಲೇ ಇತ್ತು. "ಗೊರಕೆ ನಿಂತಿತು, ಆಮೇಲೆ ಉಸಿರುಗಟ್ಟಿದಂತೆ ಒಮ್ಮೆಲೇ ಎಳೆದರು, ಕಾಲು ಜಾಡಿಸಿದರು, ದೀಪ ಹತ್ತಿತು" ಎಂದು ಪತ್ನಿ ಹತ್ತಾರು ಕಡೆ ಬರೆದಿದ್ದರು. ಅದು ಕನಸಲ್ಲ. ನಿದ್ರೆಯ ಪರೀಕ್ಷೆ ಮಾಡಿಸಿದಾಗ ಗಂಟೆಗೆ 22 ಸಲ ಉಸಿರು ನಿಲ್ಲುವುದು ಅಥವಾ ಕುಗ್ಗುವುದು ಕಂಡಿತು. ಗಂಟೆಗೆ 15ರಿಂದ 30 ಎಂದರೆ ಮಧ್ಯಮ ಮಟ್ಟದ ಸ್ಲೀಪ್ ಅಪ್ನಿಯ. ಪಿಟಿಎಸ್‌ಡಿ ಇರುವ ಮಾಜಿ ಸೈನಿಕರಲ್ಲಿ ಇದು ಸಾಮಾನ್ಯ, ಆದರೂ ರಾತ್ರಿಯ ಒದ್ದಾಟವನ್ನೆಲ್ಲ ಯುದ್ಧದ ಲೆಕ್ಕಕ್ಕೆ ಬರೆದುಬಿಡುವುದರಿಂದ ವರ್ಷಗಟ್ಟಲೆ ಯಾರೂ ಪರೀಕ್ಷಿಸುವುದಿಲ್ಲ. ನಾಯಿ ತನಗೆ ಕಲಿಸಿದ್ದನ್ನೇ ಮಾಡಿತ್ತು: ಕಾಲು ಜಾಡಿಸಿದರು, ಎಬ್ಬಿಸಿತು. ರಾತ್ರಿಯ ಕೆಲಸ ಕಲಿಸುವ ಮೊದಲೇ ಈ ಪರೀಕ್ಷೆ ಆಗಬೇಕಿತ್ತು.

ಮುಖವಾಡದ ಮೂಲಕ ಗಾಳಿಯನ್ನು ಒತ್ತಿ ಉಸಿರಿನ ದಾರಿ ಮುಚ್ಚದಂತೆ ನೋಡಿಕೊಳ್ಳುವ ಸಿಪ್ಯಾಪ್ ಯಂತ್ರ ಬಂತು. ಮುಖಕ್ಕೆ ಕಟ್ಟುವ ಮುಖವಾಡ ಸೈನ್ಯದಲ್ಲಿದ್ದವರಿಗೆ ವಿಷಾನಿಲದ ಮುಖವಾಡವನ್ನು ನೆನಪಿಸಿ ಉಸಿರುಗಟ್ಟಿಸುವುದುಂಟು. ಅದಕ್ಕೆ ಮೊದಲ ವಾರ ಹಗಲಿನಲ್ಲಿ, ಟಿವಿ ನೋಡುತ್ತಾ, ಹತ್ತು ನಿಮಿಷದಿಂದ ಶುರುಮಾಡಿ ಅಭ್ಯಾಸ ಮಾಡಿದರು. ನಾಯಿಗೂ ಅಭ್ಯಾಸ ಬೇಕಾಯಿತು. ಯಂತ್ರವನ್ನು ಬರಿದೇ ಓಡಿಸಿ ತಿನಿಸು, ಮುಖವಾಡವನ್ನು ಮೂಸಲು ಕೊಟ್ಟು ತಿನಿಸು, ಕಟ್ಟಿಕೊಂಡ ಮುಖ ತೋರಿಸಿ ತಿನಿಸು. ಇನ್ನೊಂದು ಸಂಗತಿ ಆಮೇಲೆ ಹೊಳೆಯಿತು: ಯಂತ್ರದ ಒಂದೇ ಸಮನಾದ ಸದ್ದಿನಲ್ಲಿ ಉಸಿರಿನ ಬಿರುಸು ನಾಯಿಗೆ ಕೇಳುವುದಿಲ್ಲ. ಕೈಕಾಲಿನ ಚಲನೆ ಒಂದನ್ನೇ ನೆಚ್ಚಿ ಎದ್ದುಬರುವಂತೆ ಮೂರನೆಯ ಮೆಟ್ಟಿಲನ್ನು ಮತ್ತೆ ಹತ್ತು ದಿನ ಮಾಡಿಸಬೇಕಾಯಿತು. ಅದಾದ ಮೇಲಿನ 14 ರಾತ್ರಿಗಳಲ್ಲಿ ಎಬ್ಬಿಸಿದ್ದು 6 ಸಲ, ಕನಸು ನೆನಪಿದ್ದದ್ದು 5 ಸಲ.

ಇದರಿಂದ ನಾಯಿಗೂ ಉಪಕಾರವಾಯಿತು. ರಾತ್ರಿ ಎರಡು ಮೂರು ಸಲ ಏಳುವ ನಾಯಿಗೆ ಹಗಲಿನಲ್ಲಿ ನಿದ್ದೆ ಮಾಡಲು ಬಿಡಬೇಕು. ಬೆಲ್ಟು ಬಿಚ್ಚಿ, ಯಾರೂ ಮಾತನಾಡಿಸದ ಕೋಣೆಯಲ್ಲಿ, ಬೆಳಗ್ಗೆ ಎರಡು ಗಂಟೆ, ಮಧ್ಯಾಹ್ನ ಎರಡು ಗಂಟೆ. ಅದಿಲ್ಲದೆ ಅಂಗಡಿಗೆ ಕರೆದೊಯ್ದರೆ ನೆಲ ಮೂಸುವುದು, ಬೇರೆ ನಾಯಿಯತ್ತ ಎಳೆಯುವುದು ಶುರುವಾಗುತ್ತದೆ. ಶಿಸ್ತು ಹೋಯಿತೆಂದು ಬೈಯುವ ಮೊದಲು ಹಿಂದಿನ ರಾತ್ರಿಯ ಪುಟ ನೋಡಬೇಕು.

ಒಟ್ಟು ಅಂಕ ಮುಚ್ಚಿಟ್ಟದ್ದು

ನಾಲ್ಕನೆಯ ತಿಂಗಳಲ್ಲಿ, ರಾತ್ರಿಯ ಕೆಲಸದ ದುರಸ್ತಿ ನಡೆಯುತ್ತಿರುವಾಗಲೇ, ಪಿಸಿಎಲ್-5 ಅಂಕ 58ರಿಂದ 46ಕ್ಕೆ ಇಳಿದಿತ್ತು. ಹತ್ತು ಅಂಕ ಇಳಿದರೆ ಅದನ್ನು ನಿಜವಾದ ಸುಧಾರಣೆ ಎಂದು ಲೆಕ್ಕಿಸುವವರಿದ್ದಾರೆ, ಹಾಗಾಗಿ ಎಲ್ಲರಿಗೂ ಸಂತೋಷ. ಮನಶ್ಶಾಸ್ತ್ರಜ್ಞೆಯೊಬ್ಬರು ಮಾತ್ರ ಒಂದೊಂದೇ ಪ್ರಶ್ನೆ ಬಿಡಿಸಿ ನೋಡಿದರು. ಬೆಚ್ಚುವುದು, ಸಿಟ್ಟು, ಕನಸು ಇಳಿದಿದ್ದವು. ಆರು ಮತ್ತು ಏಳನೆಯ ಪ್ರಶ್ನೆಗಳು ನೆನಪುಗಳಿಂದ, ನೆನಪು ತರುವ ಜಾಗ ಮತ್ತು ಜನರಿಂದ ತಪ್ಪಿಸಿಕೊಳ್ಳುವುದಕ್ಕೆ ಸಂಬಂಧಿಸಿದವು. ಎರಡೂ ಸೇರಿ ಎಂಟರಲ್ಲಿ 5 ಇದ್ದದ್ದು 7 ಆಗಿತ್ತು. ನಾಯಿಯಿಲ್ಲದೆ ಅವರು ಮನೆಯ ಗೇಟು ದಾಟುತ್ತಿರಲಿಲ್ಲ. ಅರ್ಧಕ್ಕೆ ಬಂದಿದ್ದ ಮಾತಿನ ಚಿಕಿತ್ಸೆಯನ್ನೂ ಬಿಟ್ಟಿದ್ದರು. ನಾಯಿ ಇದೆಯಲ್ಲ, ಸಾಕು ಎಂಬುದು ಅವರ ಮಾತು.

ಇದರ ಬೇರು ಮೂರನೆಯ ಕೆಲಸದಲ್ಲಿತ್ತು. ಬೆನ್ನ ಹಿಂದೆ ನಿಲ್ಲಲು ಅವರು ಬಳಸುತ್ತಿದ್ದ ಆಜ್ಞೆ "ಸಿಕ್ಸ್". ಗಡಿಯಾರದ ಮುಖದ ಮೇಲೆ ದಿಕ್ಕು ಹೇಳುವ ಸೈನಿಕರಿಗೆ ಆರು ಎಂದರೆ ಬೆನ್ನು, ಹೊಡೆತ ಬೀಳಬಹುದಾದ ದಿಕ್ಕು. ಅಂಗಡಿಯ ಸಾಲಿನಲ್ಲಿ ದಿನಕ್ಕೆ ನಾಲ್ಕು ಸಲ ಆ ಮಾತು ಹೇಳುವವನು ದಿನಕ್ಕೆ ನಾಲ್ಕು ಸಲ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾನೆ, ಹಿಂದೆ ಅಪಾಯವಿದೆ ಎಂದು. ಏನೂ ಆಗದೆ ಮನೆಗೆ ಬಂದಾಗ "ಅಪಾಯವಿರಲಿಲ್ಲ" ಎಂದು ಮನಸ್ಸು ಕಲಿಯುವುದಿಲ್ಲ, "ನಾಯಿ ಕಾಯ್ದಿತು" ಎಂದು ಕಲಿಯುತ್ತದೆ. ಅಮೆರಿಕದ ಮಾಜಿ ಸೈನಿಕರ ಇಲಾಖೆ ನಡೆಸಿ 2021ರಲ್ಲಿ ಹೊರತಂದ ಅಧ್ಯಯನದಲ್ಲೂ ಕೋಣೆ ಸುತ್ತಿ ನೋಡಿ ಬರುವುದು, ಮುಂದೆ ಅಡ್ಡ ನಿಲ್ಲುವುದು, ಹಿಂದೆ ನಿಲ್ಲುವುದು ಇಂಥವೇ ಕೆಲಸಗಳಿದ್ದವು. ನಾಯಿ ಪಡೆದ 181 ಮಂದಿಯನ್ನು 18 ತಿಂಗಳು ನೋಡಿದಾಗ, ಬರೀ ಜತೆಗಿರುವ ನಾಯಿ ಪಡೆದವರಿಗಿಂತ ಸೇವಾ ನಾಯಿ ಪಡೆದವರ ಪಿಸಿಎಲ್-5 ಅಂಕ 3.7ರಷ್ಟು ಹೆಚ್ಚು ಇಳಿದಿತ್ತು. ದಿನನಿತ್ಯದ ಕೆಲಸಕಾರ್ಯ, ಬದುಕಿನ ಗುಣಮಟ್ಟದಲ್ಲಿ ಇಬ್ಬರಿಗೂ ವ್ಯತ್ಯಾಸ ಕಾಣಲಿಲ್ಲ. 2024ರಲ್ಲಿ ಬಂದ, 156 ಮಂದಿಯ ಇನ್ನೊಂದು ಅಧ್ಯಯನ ಮೂರು ತಿಂಗಳ ಕೊನೆಗೆ ನಾಯಿ ಪಡೆದವರಲ್ಲಿ ಒಳ್ಳೆಯ ಇಳಿಕೆ ಕಂಡಿತು. ಆದರೆ ಅದರಲ್ಲಿ ಚೀಟಿ ಎತ್ತಿದಂತೆ ಗುಂಪು ಹಂಚಿರಲಿಲ್ಲ. ನಾಯಿಯಿಂದ ಉಪಯೋಗವಿದೆಯೇ ಎಂಬುದಕ್ಕಿಂತ ಯಾವ ಕೆಲಸ ಕಲಿತ ನಾಯಿ ಎಂಬುದು ನಮಗೆ ದೊಡ್ಡ ಪ್ರಶ್ನೆ.

"ಸಿಕ್ಸ್" ಅನ್ನು ಒಂದೇ ದಿನಕ್ಕೆ ಕಿತ್ತುಹಾಕಲಿಲ್ಲ. ಹಾಗೆ ಮಾಡಿದ್ದರೆ ಅವರು ಅಂಗಡಿಗೆ ಹೋಗುವುದನ್ನೇ ಬಿಡುತ್ತಿದ್ದರು. ಮೊದಲು ನಾಯಿಯ ಮುಖ ತಿರುಗಿಸಿದರು: ಹಿಂದೆಯೇ ನಿಂತಿರಲಿ, ಆದರೆ ಹೊರಗೆ ನೋಡುವ ಬದಲು ಅವರನ್ನು ನೋಡಲಿ. ಎರಡು ವಾರದ ಮೇಲೆ ಹಿಂದಿನಿಂದ ಎಡಗಾಲಿನ ಪಕ್ಕಕ್ಕೆ ತಂದು ಮಲಗಿಸಿದರು. ಆಜ್ಞೆಯ ಮಾತೂ ಬದಲಾಯಿತು, ದಿಕ್ಕಿಲ್ಲದ ಒಂದು ಸಾದಾ ಮಾತು. ಇದರ ಜತೆಗೇ, ಭಯಪಡುವ ಜಾಗಕ್ಕೆ ಹಂತಹಂತವಾಗಿ ಹೋಗಿ ಅಲ್ಲೇ ಉಳಿಯುವ ಚಿಕಿತ್ಸೆ, 90 ನಿಮಿಷದ ಭೇಟಿಗಳಲ್ಲಿ, ಮತ್ತೆ ಮೊದಲಾಯಿತು. ಆತಂಕವನ್ನು ಅವರೇ 0ಯಿಂದ 100ರ ಒಳಗೆ ಅಳೆದು ಹೇಳಬೇಕು. ಅಂಗಡಿ ಖಾಲಿ ಇರುವ ಬೆಳಗಿನ ಹೊತ್ತು ನಾಯಿಯೊಂದಿಗೆ ಸಾಲಿನಲ್ಲಿ ನಿಂತಾಗ 45. ಸಂಜೆ ಜನ ತುಂಬಿದಾಗ ನಾಯಿಯೊಂದಿಗೆ 70. ಅದೇ ಸಂಜೆ, ಪತ್ನಿ ನಾಯಿಯನ್ನು ಹಿಡಿದು ಅಂಗಡಿಯ ಇನ್ನೊಂದು ತುದಿಯಲ್ಲಿ ನಿಂತಾಗ 85. ನಾಯಿ ಮನೆಯಲ್ಲೇ ಉಳಿದಾಗ 95. ಪ್ರತಿ ಮೆಟ್ಟಿಲಲ್ಲೂ ಅಂಕ ಅರ್ಧಕ್ಕೆ ಇಳಿಯುವವರೆಗೆ ಅಲ್ಲೇ ನಿಲ್ಲಬೇಕು, ಇಳಿಯುವ ಮೊದಲು ಹೊರಬಂದರೆ ಓಡಿಬಂದದ್ದೇ ಪಾಠವಾಗುತ್ತದೆ. ತೊಡೆಯ ಮೇಲೆ ಒರಗುವ ಕೆಲಸವನ್ನು ಈ ಹೊತ್ತಿನಲ್ಲಿ ಬಳಸಬಾರದೆಂದೂ ಗೊತ್ತುಮಾಡಿದರು. ಮನೆಗೆ ಬಂದ ಮೇಲೆ ಬೇಕಾದಷ್ಟು.

ಬಾಗಿಲಲ್ಲಿ ಕೇಳುವ ಪ್ರಶ್ನೆ

ಅಂಗಡಿಯಲ್ಲಿ ಎರಡು ಸಲ ತಡೆದರು. ಒಮ್ಮೆ ಅವರು ತಮ್ಮ ಕಾಯಿಲೆಯನ್ನೆಲ್ಲ ವಿವರಿಸಿ, ಬೆವತು ಹೊರಬಂದರು. ಅಮೆರಿಕದ ಅಂಗವೈಕಲ್ಯ ಕಾಯ್ದೆಯ ಪ್ರಕಾರ ಸಿಬ್ಬಂದಿ ಕೇಳಬಹುದಾದದ್ದು ಎರಡೇ ಪ್ರಶ್ನೆ: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕೇ, ಅದಕ್ಕೆ ಯಾವ ಕೆಲಸ ಕಲಿಸಿದೆ. ಕಾಯಿಲೆಯ ಹೆಸರು ಕೇಳುವಂತಿಲ್ಲ, ಕಾಗದ ಕೇಳುವಂತಿಲ್ಲ, ಕೆಲಸ ಮಾಡಿ ತೋರಿಸು ಎನ್ನುವಂತಿಲ್ಲ. ಅವರಿಗೆ ಬಾಯಿಪಾಠ ಮಾಡಿಸಿದ ಉತ್ತರ: "ಹೌದು. ಆತಂಕ ಏರಿದಾಗ ಮೈಮೇಲೆ ಭಾರ ಹಾಕಿ ಇಳಿಸುತ್ತದೆ, ಕೆಟ್ಟ ಕನಸಿನಿಂದ ಎಬ್ಬಿಸುತ್ತದೆ." "ಜತೆಗಿದ್ದರೆ ಧೈರ್ಯ" ಎಂದರೆ ಆ ಕಾಯ್ದೆಯಲ್ಲಿ ಅದು ಕೆಲಸವಲ್ಲ. ದುಡ್ಡು ತೆಗೆದುಕೊಂಡು ಇಂಟರ್ನೆಟ್ಟಿನಲ್ಲಿ ಮಾರುವ ನೋಂದಣಿ ಚೀಟಿಗೆ ಕಾನೂನಿನ ಬೆಲೆಯಿಲ್ಲ. ನಾಯಿ ಹತೋಟಿ ತಪ್ಪಿ, ಜತೆಗಿರುವವರು ಅದನ್ನು ಹತೋಟಿಗೆ ತರದಿದ್ದರೆ ಅಥವಾ ಒಳಗೆ ಗಲೀಜು ಮಾಡಿದರೆ ಹೊರಗೆ ಕಳುಹಿಸುವ ಹಕ್ಕು ಅಂಗಡಿಯವರಿಗಿದೆ, ಅದನ್ನೂ ಅವರಿಗೆ ಹೇಳಿಕೊಟ್ಟರು.

ಹನ್ನೆರಡನೆಯ ತಿಂಗಳು

ಪಿಸಿಎಲ್-5 ಅಂಕ 33. ಆರು ಮತ್ತು ಏಳನೆಯ ಪ್ರಶ್ನೆ ಸೇರಿ 3. ವಾರಕ್ಕೆ ಎರಡು ಸಲ ನಾಯಿಯನ್ನು ಮನೆಯಲ್ಲೇ ಬಿಟ್ಟು ಅಂಗಡಿಗೆ ಹೋಗುತ್ತಾರೆ. ಆ ಹೊತ್ತು ನಾಯಿ ಹಾಸಿನ ಮೇಲೆ ನಿದ್ದೆ ಮಾಡುತ್ತದೆ. ಮಾತ್ರೆಗಳನ್ನು ವೈದ್ಯರು ಬದಲಿಸಿಲ್ಲ. ಚಿಕಿತ್ಸೆ, ಯಂತ್ರ, ನಾಯಿ, ಯಾವುದರಿಂದ ಎಷ್ಟು ಇಳಿಯಿತೆಂದು ಈ ಒಂದು ಪ್ರಕರಣದಿಂದ ಬಿಡಿಸಿ ಹೇಳಲಾಗದು.

ಬಗೆಹರಿಯದೆ ಉಳಿದದ್ದು ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ 4ರ ವಾರ. ಪಟಾಕಿಯ ಸದ್ದಿಗೆ ಅವರೂ ಬೆಚ್ಚುತ್ತಾರೆ, ನಾಯಿಯೂ ಬೆಚ್ಚುತ್ತದೆ. ರೆಕಾರ್ಡು ಮಾಡಿದ ಸದ್ದನ್ನು ಊಟದ ಹೊತ್ತಿಗೆ ಮೆಲ್ಲಗೆ ಕೇಳಿಸುವ ಅಭ್ಯಾಸವನ್ನು ಏಪ್ರಿಲ್‌ನಿಂದಲೇ ಮಾಡಿದರೂ ನೆಲ ನಡುಗಿಸುವ ಸದ್ದನ್ನು ಸ್ಪೀಕರು ಕೊಡಲಾರದು. ಆ ವಾರಕ್ಕೆ ಒಪ್ಪಿಕೊಂಡ ವ್ಯವಸ್ಥೆ ಹೀಗಿದೆ: ಕತ್ತಲಾಗುವ ಮೊದಲೇ ನಾಯಿಯನ್ನು ಹೊರಗೆ ಸುತ್ತಾಡಿಸಿ ತರುವುದು, ಕಿಟಕಿಯಿಲ್ಲದ ಒಳಕೋಣೆಯಲ್ಲಿ ಫ್ಯಾನು ಹಾಕಿ ಬೆಲ್ಟಿಲ್ಲದೆ ಮಲಗಿಸುವುದು, ರಾತ್ರಿಯ ಕೆಲಸದಿಂದ ಬಿಡುಗಡೆ ಕೊಡುವುದು. ದೀಪವನ್ನು ಒತ್ತುವವರು ಆ ರಾತ್ರಿಗಳಲ್ಲಿ ಪತ್ನಿ, ಕಾಲ್ದೆಸೆಯಲ್ಲಿ ನಿಂತು.